ಸುಣ್ಣ ತಿಂದ ಬೆರಳುಗಳು

ಅವರ ಬಲಗೈಯ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸವೆದು ನುಣ್ಣಗಾಗಿದ್ದವು. ಚಳಿ ಬಿದ್ದರೆ ಅಲ್ಲಲ್ಲಿ ಸೀಳುತ್ತಿದ್ದವು. ಸೀಳಿನೊಳಗೆ ಬಿಳಿಯ ಪುಡಿ ಕೂತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅದು ಸುಣ್ಣ. ಖೋ-ಖೋ ಅಂಕಣಕ್ಕೆ ಗೆರೆ ಹಾಕಲು ಕಾಲೇಜಿನಲ್ಲಿ ತಳಕ್ಕೆ ತೂತು ಕೊರೆದ ತಗಡಿನ ಡಬ್ಬಿಯೊಂದಿತ್ತು. ಅದರಲ್ಲಿ ಗೆರೆ ಸೊಟ್ಟ ಬರುತ್ತದೆ ಎಂದು ಅವರು ಅದನ್ನು ಮುಟ್ಟುತ್ತಿರಲಿಲ್ಲ. ಹಗ್ಗ ಎಳೆದು ಕಟ್ಟಿ, ಮುಷ್ಟಿಯಲ್ಲಿ ಸುಣ್ಣ ಹಿಡಿದು, ಬಗ್ಗಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಮೂರು ಬೆರಳುಗಳ ನಡುವಿನಿಂದ ಪುಡಿ ಬಿಡುತ್ತ ಹೋಗುತ್ತಿದ್ದರು. ವಾರಕ್ಕೆ ಮೂರು ಸಲ, ಇಪ್ಪತ್ತು ವರ್ಷದಿಂದ. ಈ ಇಪ್ಪತ್ತು ಅವರೇ ಹೇಳಿದ್ದು, ನಾನು ಎಣಿಸಿದ್ದಲ್ಲ.

ಅವರು ಮಧುಗಿರಿಯಲ್ಲಿ ನಾನು ಬಿ.ಎ. ಓದಿದ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ನಮ್ಮೆಲ್ಲರ ಬಾಯಲ್ಲಿ ಪಿ.ಡಿ. ಸರ್. ನಾನು ಪಿ.ಯು.ಸಿ. ಸೇರಿದಂದಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಅದರಿಂದ ಆದ ಒಂದು ಲಾಭವೆಂದರೆ ನೆನಪನ್ನು ನಂಬುವುದು ಕಡಿಮೆಯಾಗಿದೆ. ಕಣ್ಣಿಗೆ ಕಟ್ಟಿದಂತಿರುವ ಎಷ್ಟೋ ದೃಶ್ಯಗಳು ದಿನಚರಿಯಲ್ಲಿ ಇಲ್ಲವೇ ಇಲ್ಲ, ಅಥವಾ ಬೇರೆ ರೀತಿ ಇವೆ. ಅವರ ವಿಷಯದಲ್ಲಿ ಹಾಗೆ ಆಗಬಾರದೆಂದು ಹಳೆಯ ನೋಟ್‌ಪುಸ್ತಕಗಳನ್ನು ಪಕ್ಕಕ್ಕಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆರಳುಗಳ ಬಗ್ಗೆ ಮಾತ್ರ ಸಂಶಯವಿಲ್ಲ. ಅದನ್ನು ಮೂರು ಕಡೆ ಬರೆದಿದ್ದೇನೆ.

ನಾನು ಎರಡನೇ ವರ್ಷದಲ್ಲಿದ್ದಾಗ ಕಾಲೇಜಿಗೆ ಬೆರಳೊತ್ತುವ ಹಾಜರಿ ಯಂತ್ರ ಬಂತು. ಅಧ್ಯಾಪಕರೆಲ್ಲ ಬಂದವರೇ ಬೆರಳೊತ್ತಿ ಹೋಗುತ್ತಿದ್ದರು. ಇವರ ಬೆರಳನ್ನು ಯಂತ್ರ ಒಪ್ಪಲಿಲ್ಲ. ಪ್ಯಾಂಟಿಗೆ ಒರೆಸಿ ಒತ್ತಿದರು, ಎಣ್ಣೆ ಹಚ್ಚಿ ಒತ್ತಿದರು, ಎಡಗೈಯನ್ನೂ ಒತ್ತಿದರು. ಅಟೆಂಡರ್ ನಗುತ್ತ, "ಸಾರ್, ಇದ್ರ ಲೆಕ್ಕದಲ್ಲಿ ನೀವು ಹುಟ್ಟೇ ಇಲ್ಲ ಕಣ್ರಿ" ಅಂದ. ಅವರು ಅಲ್ಲೇ ನಿಂತಿದ್ದ ನಮ್ಮ ಕಡೆ ತಿರುಗಿ, "ನೋಡ್ರಮ್ಮ, ನಿಮ್ಮೆಲ್ಲರ ಹಾಜರಿಗೆ ಬಡಿದಾಡೋನು ನಾನು. ನಂದೇ ಇಲ್ಲ" ಅಂದರು. ಆಮೇಲೆ ಅವರಿಗೊಬ್ಬರಿಗೇ ಒಂದು ಪುಸ್ತಕ ಇಟ್ಟರು, ಸಹಿ ಹಾಕಲು.

ನಮ್ಮೂರು ಕೊಡಿಗೇನಹಳ್ಳಿ. ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್. ಹೈಸ್ಕೂಲಿನಲ್ಲಿ ಖೋ-ಖೋ ಆಡಿದ್ದೆನೆಂದು ಯಾರೋ ಹೇಳಿದ್ದನ್ನು ಕೇಳಿ, ಮೊದಲ ವಾರದಲ್ಲೇ ಪಿ.ಡಿ. ಸರ್ ನನ್ನನ್ನು ಮೈದಾನಕ್ಕೆ ಕರೆಸಿದರು. ಎರಡು ಕಂಬಗಳ ನಡುವೆ ನಾಲ್ಕು ಸಲ ಓಡಿಸಿ, ಹನ್ನೊಂದನೇ ನಂಬರಿನ ಜೆರ್ಸಿ ಕೊಟ್ಟರು. ಅಂದಿನಿಂದ ನಾನು ಅವರಿಗೆ ಹನ್ನೊಂದು. ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಎರಡೋ ಮೂರೋ ಸಲ.

ಅಪ್ಪನನ್ನು ಒಪ್ಪಿಸಲು ಅವರೇ ನಮ್ಮೂರಿಗೆ ಬಂದರು. ಅಪ್ಪ ಹೊಲಿಗೆ ಯಂತ್ರದಿಂದ ಏಳಲಿಲ್ಲ. ಪೆಡಲ್ ತುಳಿಯುತ್ತಲೇ, "ಆಡ್ಲಿ ಸಾರ್, ನಾನೇನು ಬ್ಯಾಡ ಅನ್ನಲ್ಲ. ಒಂದು ಸಬ್ಜೆಕ್ಟ್ ಹೋದ್ರೂ ಆಟ ಬಂದ್, ಕಾಲೇಜೂ ಬಂದ್. ಆಮ್ಯಾಕೆ ನೀವು ಬಂದು ಕೇಳಂಗಿಲ್ಲ" ಅಂದ.

"ಹೋಗಲ್ಲ ಬುಡಿ" ಅಂದರು ಪಿ.ಡಿ. ಸರ್. "ಅದು ನನ್ನ ಜವಾಬ್ದಾರಿ."

ಈ ಮಾತನ್ನು ಅಪ್ಪ ಮರೆಯಲಿಲ್ಲ. ಅವರೂ ಮರೆಯಲಿಲ್ಲ ಎಂದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅಭ್ಯಾಸ. ನಾನು ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದೆ. ಒಂಬತ್ತೂವರೆಗೆ ತರಗತಿ. ಮೈಯೆಲ್ಲ ಬೆವರು, ಹೊಟ್ಟೆಯಲ್ಲಿ ಚಿತ್ರಾನ್ನ, ತಲೆಯ ಮೇಲೆ ಫ್ಯಾನು. ನಾವು ಆಟದ ಹುಡುಗಿಯರು ಬೆಂಚಿಗೆ ಒರಗಿದ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದೆವು. ಅವರು ಕಾರಿಡಾರಿನಲ್ಲಿ ನಡೆದು ಬಂದು, ಕಿಟಕಿಯಿಂದ ಇಣುಕಿ, ಯಾರಾದರೂ ತೂಕಡಿಸುತ್ತಿದ್ದರೆ ಸಣ್ಣಗೆ ಒಂದು ಸೀಟಿ ಊದುತ್ತಿದ್ದರು. ನಾವು ಆ ಸದ್ದಿಗೆ ಎದ್ದು ಓಡುವಂತೆ ಪಳಗಿದವರು. ತರಗತಿಯ ನಡುವೆ ನಾಲ್ಕು ಹುಡುಗಿಯರು ಧಡಕ್ಕನೆ ಎದ್ದು ನಿಲ್ಲುತ್ತಿದ್ದೆವು. ಇಡೀ ತರಗತಿ ನಗುತ್ತಿತ್ತು.

ತರಗತಿ ತಪ್ಪಿಸಿದವರನ್ನು ಅವರು ಮರುದಿನ ಅಂಕಣಕ್ಕೆ ಬಿಡುತ್ತಿರಲಿಲ್ಲ. ದೊಡ್ಡೇರಿ ಕಡೆಯ ಹುಡುಗಿಯೊಬ್ಬಳು ಒಮ್ಮೆ ವಾದಕ್ಕೆ ನಿಂತಳು. "ಸರ್, ಕ್ಲಾಸಲ್ಲಿ ಸುಮ್ನೆ ಕೂತಿರ್ತೀವಿ ಅಷ್ಟೆ. ತಲೇಗೆ ಹೋಗಲ್ಲ. ಕೂತು ಏನು ಮಾಡೋದು?"

ಅವರು ಅಂಕಣದ ನಡುವಿನ ಚೌಕಗಳನ್ನು ತೋರಿಸಿದರು. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಮಾತ್ರ ಓಡುತ್ತಾಳೆ. "ಎಂಟು ಜನ ಕೂತವ್ರೆ ಅಂತ ಆಟ ಆಡ್ತಿಲ್ಲ ಅಂತೀಯಾ? ಕೂತಿರೋದೂ ಆಟನೇ ಕಣಮ್ಮ. ಖೋ ಬೀಳೋ ಗಂಟ ಕೂತಿರಕ್ಕೆ ಬರ್ದಿದ್ರೆ ಎದ್ದು ಓಡಕ್ಕೂ ಬರಲ್ಲ."

ಬಸ್ಸಿನಲ್ಲಿ ಪಂದ್ಯಕ್ಕೆ ಹೋಗುವಾಗ ಅವರು ತಮ್ಮ ಒಬ್ಬ ಗೆಳೆಯನ ಕತೆ ಹೇಳುತ್ತಿದ್ದರು. ತಮಗಿಂತ ಚೆನ್ನಾಗಿ ಓಡುತ್ತಿದ್ದವನು, ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲವಂತೆ, ಕಾಲೇಜು ಬಿಟ್ಟನಂತೆ. "ಈಗ ಗೌಡಗೆರೆ ಕಡೆ ಕಡ್ಲೆಕಾಯಿ ಮೂಟೆ ಹೊರ್ತಾನೆ. ಈಗ್ಲೂ ಅವನ ಕಾಲು ನೋಡ್ಬೇಕು ನೀವು, ಕುದುರೆ ಕಾಲು" ಎನ್ನುತ್ತಿದ್ದರು. ಪ್ರತಿ ಸಲವೂ ಕತೆ ಸ್ವಲ್ಪ ಬದಲಾಗುತ್ತಿತ್ತು. ಒಮ್ಮೆ ಮೂಟೆ, ಒಮ್ಮೆ ಲಾರಿ. ನಾವು ಕಣ್ಣಲ್ಲೇ ನಗುತ್ತಿದ್ದೆವು.

ಕಾಲೇಜಿನಲ್ಲಿ ನೂರಕ್ಕೆ ಎಪ್ಪತ್ತೈದು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆ ಬರೆಯುವಂತಿಲ್ಲ. ಪಂದ್ಯಕ್ಕೆ ಹೋದ ದಿನಗಳಿಗೆ ಓ.ಡಿ., ಅಂದರೆ ಆನ್ ಡ್ಯೂಟಿ, ಎಂದು ಹಾಜರಿ ಕೊಡುವ ಪದ್ಧತಿಯುಂಟು. ಆದರೆ ಆಯಾ ವಿಷಯದ ಅಧ್ಯಾಪಕರು ಒಪ್ಪಿ ಸಹಿ ಹಾಕಬೇಕು. ಇತಿಹಾಸದ ಅಧ್ಯಾಪಕರು ಸುಲಭಕ್ಕೆ ಒಪ್ಪುವವರಲ್ಲ. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಮನಸ್ಸಿಲ್ಲ. ಒಂದು ದಿನವೂ ತಡವಾಗಿ ಬಂದವರಲ್ಲ, ಒಂದು ಪಾಠವನ್ನೂ ಹಾರಿಸಿದವರಲ್ಲ.

"ಹಾಜರಿ ಅನ್ನೋದು ಪಾಠ ಕೇಳಿದ್ದಕ್ಕೆ ಕೊಡೋದು ಸಾರ್" ಎಂದರಂತೆ ಅವರು. "ಇವರು ಆಟಕ್ಕೆ ಹೋದ್ರೆ ಪಾಠ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

"ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ. ಕೂತು ಬರ್ಕೊಂತೀನಿ. ಹುಡುಗಿ ಬಂದ್ಮೇಲೆ ಕೊಡ್ತೀನಿ. ಅದ್ರಲ್ಲಿ ಏನ್ ಬೇಕಾದ್ರೂ ಕೇಳಿ ಅವಳನ್ನ. ಹೇಳ್ದಿದ್ರೆ ಹಾಜರಿ ಹೊಡೆದಾಕ್ಬುಡಿ."

"ಅಂಗಾದ್ರೆ ಹಾಜರಿ ನಿಮಗೆ ಹಾಕ್ಬೇಕಾಗ್ತದಲ್ಲ ಸಾರ್."

ಈ ಮಾತುಗಳನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಾನೇ ಕೇಳಿದೆ ಎಂದು ಬಹಳ ದಿನ ನಂಬಿದ್ದೆ. ದಿನಚರಿ ನೋಡಿದರೆ ಅಂದು ನಾನು ಜ್ವರ ಬಂದು ಊರಲ್ಲಿದ್ದೆ. ಯಾರೋ ಹೇಳಿದ್ದು ನನ್ನ ಕಿವಿಯದಾಗಿಬಿಟ್ಟಿದೆ.

ಇಡೀ ತಂಡ ಪಂದ್ಯಕ್ಕೆ ಹೋದಾಗ ಅವರೂ ಜೊತೆಗೆ ಬರುತ್ತಿದ್ದರು. ಒಬ್ಬರೋ ಇಬ್ಬರೋ ವಿಶ್ವವಿದ್ಯಾಲಯದ ಆಯ್ಕೆ, ಶಿಬಿರ ಎಂದು ಹೋದಾಗ ಮಾತ್ರ ಕಾಲೇಜಿನಲ್ಲೇ ಉಳಿಯುತ್ತಿದ್ದರು. ಆಗ ಹೋದವರ ಜಾಗದಲ್ಲಿ ಕೊನೆಯ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಕೊರಳಲ್ಲಿ ಸೀಟಿ, ಮಂಡಿಯ ಮೇಲೆ ಸುಣ್ಣದ ಕಲೆ, ನಲವತ್ತೆಂಟೋ ಐವತ್ತೋ ವರ್ಷದ ಮನುಷ್ಯ. ಅವರು ಎದ್ದು ಹೋದ ಮೇಲೆ ಬೆಂಚಿನ ಮೇಲೆ ಬಿಳಿಯ ಗುರುತು ಉಳಿಯುತ್ತಿತ್ತು. ನಾವು ವಾಪಸಾದಾಗ ಪುಸ್ತಕ ಕೊಡುತ್ತಿದ್ದರು. ಅದರ ರಟ್ಟಿನ ಮೇಲೆ ಹೆಸರಿರುತ್ತಿರಲಿಲ್ಲ, ಜೆರ್ಸಿಯ ನಂಬರು. ಪ್ರತಿ ಪಾಠದ ತಲೆಯಲ್ಲಿ ತಾರೀಖು, ಅದರ ಪಕ್ಕ ನನ್ನದಾದರೆ, 'ಹನ್ನೊಂದು, ಹಾಜರು.'

ಅವರ ನೋಟ್ಸ್ ಅಷ್ಟೇನೂ ಚೆನ್ನಾಗಿರುತ್ತಿರಲಿಲ್ಲ. ಇಸವಿಗಳು ತಪ್ಪಾಗಿರುತ್ತಿದ್ದವು. ಆದರೆ ಮೇಷ್ಟ್ರು ಎಲ್ಲಿ ನಿಲ್ಲಿಸಿದರು, ಎಲ್ಲಿ ದನಿ ಏರಿಸಿದರು ಎಂಬುದು ಕೂಡ ಇರುತ್ತಿತ್ತು. 'ಇಲ್ಲಿ ಎರಡು ಸಲ ಹೇಳಿದರು, ಪರೀಕ್ಷೆಗೆ ಬರಬಹುದು.'

ಒಂದು ಸಲ, ನಾನು ತರಗತಿಯಲ್ಲೇ ಇದ್ದ ದಿನ, ಹೊರಗೆ ಹೋಗಿದ್ದ ನಮ್ಮ ತರಗತಿಯ ಆಟಗಾರ್ತಿಯೊಬ್ಬಳ ಪರವಾಗಿ ಅವರು ಕೂತಿದ್ದರು. ಮಧುಗಿರಿ ಬೆಟ್ಟದ ಕೋಟೆಯ ಪಾಳೇಗಾರರ ಪಾಠ ನಡೆಯುತ್ತಿತ್ತು. ಹಿಂದಿನಿಂದ ಕೈ ಎತ್ತಿದರು.

"ಸಾರ್, ಒಂದು ಡೌಟು. ಕೋಟೆ ಮೇಲಿದ್ದೋರಿಗೆ ನೀರು ಹೆಂಗೆ?"

ತರಗತಿ ನಕ್ಕಿತು. ಇತಿಹಾಸದ ಅಧ್ಯಾಪಕರು ಒಂದು ಕ್ಷಣ ಗಂಭೀರವಾಗಿ ನೋಡಿದರು. ಆಮೇಲೆ, ನಾನು ನೋಡಿದ ಹಾಗೆ ಮೊದಲ ಸಲ, ಅವರ ಮುಖ ಸಡಿಲವಾಯಿತು. ಬಂಡೆಯ ಮೇಲಿನ ದೊಣೆಗಳಲ್ಲಿ ಮಳೆನೀರು ಹೇಗೆ ನಿಲ್ಲಿಸುತ್ತಿದ್ದರೆಂದು ಗಂಟೆ ಹೊಡೆಯುವವರೆಗೂ ಹೇಳಿದರು. ಹೊರಗೆ ಬಂದ ಮೇಲೆ ಪಿ.ಡಿ. ಸರ್ ನನ್ನ ಕಿವಿಯ ಹತ್ತಿರ, "ವಾರಕ್ಕೆ ಎರಡು ಸಲ ಓಡಿಸಿ ಹತ್ತಿಸ್ತೀನಿ ನಿಮ್ಮನ್ನ ಆ ಬೆಟ್ಟಕ್ಕೆ. ಇಷ್ಟು ದಿನ ಈ ಪ್ರಶ್ನೆ ನಂಗ್ಯಾಕೆ ಹೊಳೀಲಿಲ್ಲ?" ಅಂದರು. ಅವರಿಗೆ ಪಾಠ ಹಿಡಿಸತೊಡಗಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ಪರೀಕ್ಷೆಯ ಅರ್ಜಿ, ಓ.ಡಿ. ಪತ್ರ, ಇವುಗಳ ಕೊನೆಯ ದಿನ ಯಾವಾಗಲೂ ನಾವು ಊರಲ್ಲಿಲ್ಲದಾಗಲೇ ಬರುತ್ತಿತ್ತು. ಅದಕ್ಕೆ ಹೊರಡುವ ಮೊದಲು ನಾಲ್ಕೈದು ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿ ಅವರ ಕೈಗೆ ಕೊಟ್ಟು ಹೋಗುತ್ತಿದ್ದೆವು. ಹುಡುಗಿಯರು, ಹುಡುಗರು ಎಲ್ಲರೂ. ಅವರು ಅವನ್ನು ಕ್ರೀಡಾ ಕೊಠಡಿಯ ಅಲ್ಮೇರಾದಲ್ಲಿ ಜೆರ್ಸಿಗಳ ಕೆಳಗೆ ಇಡುತ್ತಿದ್ದರು. ಬೇಕಾದಾಗ ಮೇಲೆ ಬರೆದು ಕಚೇರಿಗೆ ಕೊಡುತ್ತಿದ್ದರು. ಯಾರಿಗೂ ಅದು ತಪ್ಪೆಂದು ಅನ್ನಿಸಿರಲಿಲ್ಲ. ಮನೆಯ ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೋದಷ್ಟು ಸಹಜವಾಗಿತ್ತು.

ನಾಲ್ಕನೇ ಸೆಮಿಸ್ಟರಿನಲ್ಲಿ ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದೆ. ನಮ್ಮ ಕಾಲೇಜಿನಿಂದ ನಾನೊಬ್ಬಳೇ. ತುಮಕೂರಿನಲ್ಲಿ ಶಿಬಿರ, ಅಲ್ಲಿಂದ ತಮಿಳುನಾಡಿನಲ್ಲಿ ಪಂದ್ಯಾವಳಿ. ಎಲ್ಲ ಸೇರಿ ಒಂದು ತಿಂಗಳು. ಹೊರಡುವ ದಿನ ಪಿ.ಡಿ. ಸರ್ ಬಸ್ಸಿನ ಕಿಟಕಿಯ ಹತ್ತಿರ ನಿಂತು, "ಆಟದ ಬಗ್ಗೆ ನಾನೇನೂ ಹೇಳಲ್ಲ ಕಣಮ್ಮ, ನಿಂಗೊತ್ತು. ಕ್ಲಾಸಿನ ಬಗ್ಗೆ ನೀನೇನೂ ಕೇಳ್ಬೇಡ, ನಂಗೊತ್ತು" ಅಂದರು.

ಶಿಬಿರದ ಮೂರನೇ ವಾರ ಗೆಳತಿಯೊಬ್ಬಳು ಫೋನ್ ಮಾಡಿ, ಇತಿಹಾಸದ ಅಸೈನ್‌ಮೆಂಟ್‌ಗೆ ಶನಿವಾರ ಕೊನೆಯ ದಿನವೆಂದಳು. ಮಧುಗಿರಿ ಸೀಮೆಯ ಪಾಳೇಗಾರರು ಎಂಬ ವಿಷಯ, ಹತ್ತು ಪುಟ. ಕೊಡದಿದ್ದರೆ ಆಂತರಿಕ ಅಂಕವಿಲ್ಲ. ಆಂತರಿಕ ಅಂಕವಿಲ್ಲದಿದ್ದರೆ ಆ ವಿಷಯ ಹೋದ ಹಾಗೆಯೇ. ನನಗೆ ಅಪ್ಪನ ಪೆಡಲಿನ ಸದ್ದು ಕೇಳಿಸಿತು. ಪಿ.ಡಿ. ಸರ್‌ಗೆ ಫೋನ್ ಮಾಡಿದೆ.

ಆ ಫೋನಿನಲ್ಲಿ ನಾನು ಏನೆಂದೆ ಎಂಬುದು ನನಗೆ ಖಚಿತವಿಲ್ಲ. 'ಏನ್ ಮಾಡ್ಲಿ ಸರ್' ಎಂದೆ ಎಂದು ಒಮ್ಮೆ ಅನಿಸುತ್ತದೆ. 'ನೀವೇ ಬರೆದ್ಬುಡಿ ಸರ್' ಎಂದೆ ಎಂದು ಇನ್ನೊಮ್ಮೆ. ದಿನಚರಿಯಲ್ಲಿರುವುದು ಇಷ್ಟೇ: 'ಸರ್‌ಗೆ ಫೋನ್. ಸಮಾಧಾನ ಆಯ್ತು.' ಅವರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. "ನೀನು ಆಡು. ಅದು ನಂಗೆ ಬುಡು." ಯಾವ ಮಾತಿನಲ್ಲಿ ಕೇಳಿದ್ದರೂ, ಅವರು ಬರೆಯುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಸಹಿ ಇದ್ದ ಹಾಳೆಗಳು ಅವರ ಅಲ್ಮೇರಾದಲ್ಲಿದ್ದವು. ಗೊತ್ತಿಲ್ಲದೆ ಸಮಾಧಾನ ಆಗುವುದಿಲ್ಲ.

ಪಂದ್ಯಾವಳಿಯಲ್ಲಿ ನಾವು ಎರಡನೇ ಸುತ್ತಿಗೇ ಸೋತೆವು. ನನ್ನ ಪಾದ ಉಳುಕಿ ಊದಿಕೊಂಡಿತ್ತು. ಅಸೈನ್‌ಮೆಂಟಿನ ಕೊನೆಯ ದಿನ ಕಳೆದ ಮುಂದಿನ ಶನಿವಾರ ನೇರವಾಗಿ ಕೊಡಿಗೇನಹಳ್ಳಿಗೆ ಹೋದೆ. ಭಾನುವಾರ, ಸೋಮವಾರ ಮಲಗಿದ್ದೆ. ಮಂಗಳವಾರ ಬೆಳಿಗ್ಗೆ ಕಾಲೇಜಿನಿಂದ ಫೋನ್ ಬಂತು. ಪ್ರಿನ್ಸಿಪಾಲರನ್ನು ಇವತ್ತೇ ಕಾಣಬೇಕು, ಅಸೈನ್‌ಮೆಂಟ್ ವಿಷಯ.

ಕೋಣೆಯಲ್ಲಿ ಪ್ರಿನ್ಸಿಪಾಲರು ಮತ್ತು ಇತಿಹಾಸದ ಅಧ್ಯಾಪಕರು ಇದ್ದರು. ಮೇಜಿನ ಮೇಲೆ ಅಸೈನ್‌ಮೆಂಟ್ ಇತ್ತು. ಹಾಳೆಗಳ ಅಂಚಿನಲ್ಲಿ ಬಿಳಿಯ ಬೆರಳಚ್ಚುಗಳು ಎದ್ದು ಕಾಣುತ್ತಿದ್ದವು. ಇತಿಹಾಸದ ಅಧ್ಯಾಪಕರು ಒಂದು ಪುಟ ತೆಗೆದು ಓದಿದರು. 'ಕೆಳಗಿನಿಂದ ಒಂದೇ ಸಮ ಓಡಿ ಬಂದವನಿಗೆ ಮೂರನೇ ಬಾಗಿಲ ಹತ್ತಿರ ಉಸಿರು ಸಿಗುವುದಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಲ್ಲಲೇಬೇಕು. ಕೋಟೆ ಕಟ್ಟಿದವನಿಗೆ ಇದು ಗೊತ್ತಿತ್ತು. ಕಾವಲಿನವನು ಅಲ್ಲೇ ನಿಂತಿರುತ್ತಾನೆ.'

"ಇಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಬರೆಯಲ್ಲಮ್ಮ" ಅಂದರು. "ಅದಕ್ಕೇ ಕೇಳ್ತಿರೋದು. ಇದನ್ನ ಬರೆದಿದ್ದು ನೀನಾ?"

"ಅಲ್ಲ ಸರ್."

"ಯಾರು?"

"ಗೊತ್ತಿಲ್ಲ ಸರ್."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಬೆಳಿಗ್ಗೆ ಅವರನ್ನ ಕರೆಸಿ ಕೇಳಿದೀನಿ. ನಾನೇ ಬರೆದೆ, ಹುಡುಗಿಗೆ ಏನೂ ಗೊತ್ತಿಲ್ಲ ಅಂದ್ರು. ಸರಿ. ಆದ್ರೆ ಇಲ್ಲಿ ಸಹಿ ನಿಂದೇ ಅಲ್ವೇನಮ್ಮ? ನಿಂಗೆ ಗೊತ್ತಿಲ್ಲ ಅಂದ್ರೆ ಇದು ಹೆಂಗೆ ಬಂತು?"

ಗೊತ್ತಿತ್ತು ಎಂದರೆ ನನ್ನ ವಿಷಯ ಹೋಗುತ್ತಿತ್ತು. ಆಟ ಬಂದ್, ಕಾಲೇಜು ಬಂದ್. ನಾನು ಹೇಳಿದೆ, "ಹೋಗೋ ಮುಂಚೆ ಖಾಲಿ ಹಾಳೆಗೆ ಸಹಿ ಹಾಕಿಸ್ಕೊಂಡಿದ್ರು ಸರ್."

ಅದು ಸುಳ್ಳಲ್ಲ. ಅದಕ್ಕೂ ಮುಂಚೆ 'ಗೊತ್ತಿಲ್ಲ' ಎಂದದ್ದನ್ನು ಬದಿಗಿಟ್ಟು, ಇಷ್ಟು ವರ್ಷ ನಾನು ಅದನ್ನೇ ಹಿಡಿದುಕೊಂಡಿದ್ದೆ, ಸುಳ್ಳು ಹೇಳಲಿಲ್ಲವೆಂದು. ಎಲ್ಲರೂ ಹಾಗೆ ಸಹಿ ಹಾಕಿ ಕೊಡುತ್ತೇವೆ, ನಮ್ಮ ಒಳ್ಳೆಯದಕ್ಕೇ ಕೊಡುತ್ತೇವೆ, ನಾನಾಗಿಯೇ ಫೋನ್ ಮಾಡಿದ್ದೆ ಎಂದು ಹೇಳಲಿಲ್ಲ ಅಷ್ಟೆ. ಖಾಲಿ ಹಾಳೆ, ಹುಡುಗಿಯ ಸಹಿ, ಒಬ್ಬ ಮೇಷ್ಟ್ರು. ಇವು ಮೂರು ಒಂದು ಕೋಣೆಯಲ್ಲಿ ಒಟ್ಟಿಗೆ ಬಂದರೆ ಹೇಗೆ ಕೇಳಿಸುತ್ತವೆಂದು ಇಪ್ಪತ್ತು ವರ್ಷದ ನನಗೆ ಗೊತ್ತಿರಲಿಲ್ಲವೇ? ಪ್ರಿನ್ಸಿಪಾಲರು ಮತ್ತು ಅಧ್ಯಾಪಕರು ಒಬ್ಬರನ್ನೊಬ್ಬರು ನೋಡಿಕೊಂಡದ್ದು ನೆನಪಿದೆ. ಇತಿಹಾಸದ ಅಧ್ಯಾಪಕರ ಮುಖ ಇಳಿದುಹೋಯಿತು. ಅವರಿಗೆ ಬೇಕಾಗಿದ್ದದ್ದು ಇದಲ್ಲ.

ಆ ಹೊತ್ತಿಗೆ ಪಿ.ಡಿ. ಸರ್ ಕಿಟಕಿಯ ಆಚೆ ಮೈದಾನದಲ್ಲಿ ಬಗ್ಗಿ ಗೆರೆ ಹಾಕುತ್ತಿದ್ದದ್ದು ನನಗೆ ಕಂಡಿತೆಂದು ನನ್ನ ನೆನಪು ಹೇಳುತ್ತದೆ. ಆದರೆ ಆ ಕೋಣೆಯ ಕಿಟಕಿ ರಸ್ತೆಯ ಕಡೆಗಿದೆ, ಅಲ್ಲಿಂದ ಮೈದಾನ ಕಾಣುವುದಿಲ್ಲ. ಅವರನ್ನು ಆ ಕೋಣೆಯಲ್ಲಿ ನೋಡದೆ ಇದ್ದದ್ದನ್ನು ನನ್ನ ಮನಸ್ಸು ಸಹಿಸಲಾರದೆ ಎಲ್ಲೋ ಒಂದು ಕಡೆ ತಂದು ನಿಲ್ಲಿಸಿದೆ.

ಅಂದೇ ಸಂಜೆ ಅಲ್ಮೇರಾ ತೆಗೆಸಿದರು. ಜೆರ್ಸಿಗಳ ಕೆಳಗೆ ಹದಿನಾಲ್ಕು ಜನರ ಖಾಲಿ ಹಾಳೆಗಳು ಸಿಕ್ಕವಂತೆ. ವಿಚಾರಣೆ ನಡೆಯಿತು. ಬೇರೆ ಹುಡುಗಿಯರು ಇದ್ದದ್ದನ್ನು ಇದ್ದಂತೆ ಹೇಳಿದರು. ದೊಡ್ಡೇರಿಯ ಹುಡುಗಿ, "ನಾವೇ ಕೊಟ್ಟಿದ್ದು ಸಾರ್, ಅವ್ರು ಕೇಳೋಕ್ಕೆ ಮುಂಚೆನೇ ಕೊಟ್ಟಿದ್ದು" ಎಂದು ಜೋರಾಗಿಯೇ ಹೇಳಿದಳಂತೆ. ಆದರೆ ಮೊದಲ ಮಾತು ನನ್ನದಾಗಿತ್ತು. ಬೇರೆ ಏನೂ ಸಾಬೀತಾಗಲಿಲ್ಲ, ಸಾಬೀತಾಗುವಂಥದ್ದೇನೂ ಇರಲಿಲ್ಲ. ಆದರೂ ತಿಂಗಳೊಳಗೆ ಅವರನ್ನು ಪಾವಗಡಕ್ಕೆ ಹಾಕಿದರು. ಹೋಗುವ ಮುನ್ನ ಎರಡು ಸಲ ನನಗೆ ಹೇಳಿಕಳಿಸಿದ್ದರು, ಬಂದು ನೋಟ್ಸ್ ತಗೊಂಡು ಹೋಗಲಿ ಎಂದು. ನಾನು ಹೋಗಲಿಲ್ಲ. ಕಾರಿಡಾರಿನಲ್ಲಿ ಸೀಟಿಯ ದಾರ ಕಂಡರೆ ಇನ್ನೊಂದು ಕಡೆಯಿಂದ ಸುತ್ತಿ ಹೋಗುತ್ತಿದ್ದೆ.

ನನಗೆ ಬೇರೆ ಅಸೈನ್‌ಮೆಂಟ್ ಬರೆಯಲು ಮೂರು ದಿನ ಕೊಟ್ಟರು. ಗೆಳತಿಯರ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಓದಿದೆ. ಇತಿಹಾಸದಲ್ಲಿ ಪಾಸಾದೆ, ಒಳ್ಳೆಯ ಅಂಕಗಳೇ ಬಂದವು. ಅಪ್ಪ ಮಾರ್ಕ್ಸ್ ಕಾರ್ಡ್ ನೋಡಿ, "ನಿಮ್ಮ ಮೇಷ್ಟ್ರು ಮಾತು ಉಳಿಸ್ಕೊಂಡ್ರು ಕಣಮ್ಮ" ಅಂದ. ಪಾದ ವಾಸಿಯಾದ ಮೇಲೂ ನಾನು ಆಡಲಿಲ್ಲ. ಆಡಿಸುವವರೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಂಕಣದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದು, ಎರಡು ಕಂಬಗಳು ಮಾತ್ರ ಕಾಣುತ್ತಿದ್ದವು.

ಮುಂದೆ ನಾನು ಎಂ.ಎ. ಇತಿಹಾಸವನ್ನೇ ತೆಗೆದುಕೊಂಡೆ. ಯಾಕೆಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ್ದೇನೆ. ಈಗ ಶಿರಾದಲ್ಲಿ ಅತಿಥಿ ಉಪನ್ಯಾಸಕಿ. ಮೂರು ವರ್ಷದ ಹಿಂದೆ ಪರೀಕ್ಷಾ ಕೆಲಸಕ್ಕೆಂದು ಪಾವಗಡಕ್ಕೆ ಕಳಿಸಿದರು. ಅವರು ಅಲ್ಲಿರಬಹುದೆಂದು ಗೊತ್ತಿದ್ದೂ ಹೋದೆ, ಅಥವಾ ಗೊತ್ತಿದ್ದಕ್ಕೇ ಹೋದೆ.

ಕಾಲೇಜಿನ ಬಾಗಿಲಲ್ಲಿ ಅದೇ ಬಗೆಯ ಯಂತ್ರ. ಅದರ ಮುಂದೆ ಅವರು ನಿಂತು ಬೆರಳನ್ನು ಪ್ಯಾಂಟಿಗೆ ಒರೆಸಿ ಒರೆಸಿ ಒತ್ತುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಲ್ಲಿಯ ಅಟೆಂಡರ್ ತೆಲುಗು ಬೆರೆತ ಕನ್ನಡದಲ್ಲಿ, "ಏಂ ಸಾರ್, ಇವತ್ತೂ ರಾಲೇದಾ, ಬರ್ಲಿಲ್ವಾ? ಬುಡಿ ಸಾರ್, ಪುಸ್ತಕದಾಗ ಸಂತಕಂ ಹಾಕಿ" ಎಂದು ಸಹಿಯ ಪುಸ್ತಕ ಮುಂದೆ ತಳ್ಳಿದ. ಅವರು ಪೆನ್ನಿಗೆ ತಡಕಾಡುತ್ತ ತಿರುಗಿದರು. ನನ್ನನ್ನು ನೋಡಿದರು.

"ಹನ್ನೊಂದು."

"ಸರ್" ಎಂದೆ.

"ಪಾದ ಹೆಂಗೈತೆ?"

"ವಾಸಿಯಾಯ್ತು ಸರ್." ಉಳುಕಿ ಏಳು ವರ್ಷವಾಗಿತ್ತು.

"ಯಾವ ಸಬ್ಜೆಕ್ಟೂ ಹೋಗ್ಲಿಲ್ಲ ತಾನೆ?"

"ಇಲ್ಲ ಸರ್."

"ಅಷ್ಟೇ ಮತ್ತೆ" ಅಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆಯಿತು. ಸಂಜೆ ಮಾತಾಡೋಣವೆಂದುಕೊಂಡು ಒಳಗೆ ಹೋದೆ. ಸಂಜೆ ಅವರು ಮೈದಾನದಲ್ಲಿದ್ದರು, ಹುಡುಗಿಯರ ನಡುವೆ. ಗೇಟಿನ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದೆ. ಬಸ್ಸು ತಪ್ಪುತ್ತದೆಂದು ಹೊರಟುಬಂದೆ. ಅಂದು ಪಾವಗಡದಿಂದ ಇನ್ನೂ ಎರಡು ಬಸ್ಸುಗಳಿದ್ದವು. ಇದನ್ನು ದಿನಚರಿಯಲ್ಲಿ ಬರೆದಿದ್ದೇನೆ.

ಅವರು ಹೋದ ಸುದ್ದಿ ಹಳೆಯ ಆಟಗಾರ್ತಿಯರ ವಾಟ್ಸಪ್ ಗುಂಪಿನಲ್ಲಿ ಬಂತು. ಬೆಳಿಗ್ಗೆ ಅಂಕಣಕ್ಕೆ ಗೆರೆ ಹಾಕುತ್ತ ಹಾಕುತ್ತ ಕೂತವರು ಏಳಲಿಲ್ಲವಂತೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಮಣ್ಣಿಗೆ ನಾನು ಹೋಗಲಿಲ್ಲ. ಎಲ್ಲರೂ ಬರುತ್ತಾರೆ, ಎಲ್ಲರಿಗೂ ಗೊತ್ತು ಎಂದು ಹೆದರಿದೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಕೊರಟಗೆರೆ ಹತ್ತಿರದ ಅವರ ಊರಿಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು ಎದುರಿಗೆ ಕೂತರು. ಯಾವ ವರ್ಷದವಳು, ಎಲ್ಲಿ ಕೆಲಸ ಎಂದು ಕೇಳಿದರು. ನಾನು ಸರ್ ಹೇಳುತ್ತಿದ್ದ ಗೆಳೆಯನ ಕತೆ ಎತ್ತಿದೆ, ಗೌಡಗೆರೆಯ ಓಟಗಾರನದು.

"ಅಂಥೋರು ಯಾರೂ ಇರ್ಲಿಲ್ವಲ್ಲಮ್ಮ" ಅಂದರು. "ನಿಮ್ಮನ್ನ ಕ್ಲಾಸಿಗೆ ಅಟ್ಟಕ್ಕೆ ಏನೋ ಕಟ್ಟಿರ್ಬೇಕು."

"ಪಾವಗಡಕ್ಕೆ ಯಾಕೆ ಹಾಕಿದ್ರು ಅಂತ ಏನಾದ್ರೂ ಹೇಳಿದ್ರಾ ಅಮ್ಮಾ?"

"ಕೇಳ್ದೆ ನಾನು. ಅಲ್ಲಿ ಹುಡುಗ್ರು ಚೆನ್ನಾಗಿ ಓಡ್ತಾರೆ ಕಣೇ ಅಂದ್ರು. ಅಷ್ಟೇಯ."

ನಾನು ಹೇಳಬೇಕೆಂದು ಹೋಗಿದ್ದೆ. ಅವರು ಆ ಉತ್ತರವನ್ನು ನಂಬಿಕೊಂಡು ಇಷ್ಟು ವರ್ಷ ಇದ್ದರು. ನಾನು ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು, ಅವರಿಗೆ ಏನಾಗುತ್ತಿತ್ತೋ. ಹೇಳದೆ ಉಳಿದದ್ದು ಅವರ ಸಲುವಾಗಿಯೋ ನನ್ನ ಸಲುವಾಗಿಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಏಳುವಾಗ ಅವರು ಕೇಳಿದರು, "ಆಟದಲ್ಲಿ ನಿನ್ನ ನಂಬರ್ ಎಷ್ಟಮ್ಮ?"

"ಹನ್ನೊಂದು."

ಒಳಗೆ ಹೋಗಿ ಒಂದು ಪುಸ್ತಕ ತಂದರು. "ಅವರ ಪೆಟ್ಟಿಗೇಲಿತ್ತು. ಹೆಸ್ರಿಲ್ಲ, ನಂಬರ್ ಮಾತ್ರ ಐತೆ. ಯಾರ್ದೋ ಏನೋ, ಕೇಳ್ಕೊಂಡು ಬರ್ತಾರೆ ಅಂತ ಎತ್ತಿಟ್ಟಿದ್ದೆ."

ಬಸ್ಸಿನಲ್ಲಿ ತೆಗೆಯುವ ಧೈರ್ಯವಾಗಲಿಲ್ಲ. ಶಿರಾಕ್ಕೆ ಬಂದು, ಕೈ ತೊಳೆದು, ಮೇಜಿನ ಮೇಲಿಟ್ಟು ತೆರೆದೆ. ನಾನು ಶಿಬಿರಕ್ಕೆ ಹೋದ ಮರುದಿನದಿಂದ ಶುರುವಾಗಿತ್ತು. ಇತಿಹಾಸದ ಒಂದು ತರಗತಿಯೂ ಬಿಟ್ಟಿಲ್ಲ. ಪ್ರತಿಯೊಂದರ ತಲೆಯಲ್ಲೂ ತಾರೀಖು ಮತ್ತು 'ಹನ್ನೊಂದು, ಹಾಜರು.' ನಾನು ಪಾದ ಊದಿಸಿಕೊಂಡು ಊರಲ್ಲಿ ಮಲಗಿದ್ದ ಸೋಮವಾರವೂ ಇತ್ತು.

ಬರೆದ ಕೊನೆಯ ಪುಟ ಮಂಗಳವಾರದ್ದು. ತಾರೀಖನ್ನು ನನ್ನ ದಿನಚರಿಯ ಜೊತೆ ಎರಡು ಸಲ ಹೋಲಿಸಿ ನೋಡಿದೆ. ಅಂದು ಬೆಳಿಗ್ಗೆ ಪ್ರಿನ್ಸಿಪಾಲರು ಅವರನ್ನು ಕರೆಸಿ ಕೇಳಿದ್ದರು. ತಪ್ಪು ಒಪ್ಪಿಕೊಂಡು ಆ ಕೋಣೆಯಿಂದ ಹೊರಬಂದವರು ಹನ್ನೆರಡು ಗಂಟೆಯ ತರಗತಿಗೆ ಹೋಗಿ, ತಮ್ಮ ಮೇಲೆ ದೂರು ಕೊಟ್ಟ ಇತಿಹಾಸದ ಅಧ್ಯಾಪಕರ ಎದುರಿಗೇ ಕೊನೆಯ ಬೆಂಚಿನಲ್ಲಿ ಕೂತಿದ್ದಾರೆ. ಒಂದು ಗಂಟೆ ಬರೆದುಕೊಂಡಿದ್ದಾರೆ. ಅಕ್ಷರ ಎಲ್ಲೂ ನಡುಗಿಲ್ಲ. ಆ ಹೊತ್ತಿಗೆ ನಾನು ಕೊಡಿಗೇನಹಳ್ಳಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು, ಯಾರನ್ನು ಬಿಟ್ಟುಕೊಟ್ಟು ಯಾರನ್ನು ಉಳಿಸಿಕೊಳ್ಳಬೇಕೆಂದು ಯೋಚಿಸುತ್ತಿದ್ದೆ.

ಆ ಪುಟದ ತಲೆಯಲ್ಲೂ ಬರೆದಿದೆ, 'ಹನ್ನೊಂದು, ಹಾಜರು.' ಕೆಳಗೆ, ಹಾಳೆ ತಿರುಗಿಸಲು ಹಿಡಿದ ಕಡೆ, ಸುಣ್ಣದ ಒಂದು ಹೆಬ್ಬೆರಳ ಗುರುತಿದೆ. ಅದರಲ್ಲಿ ಗೆರೆಗಳಿಲ್ಲ. ಉಜ್ಜಿದರೆ ಹೋಗಿಬಿಡುತ್ತದೆಂದು ನಾನು ಆ ಪುಟವನ್ನು ಅಂಚು ಹಿಡಿದೇ ತೆರೆಯುತ್ತೇನೆ.